ಪುಟ್ಟಿಗೆ ಕ್ರೀಮು ಕಳಿಸೋಲ್ಲ ಅಕ್ಕಾ

ವ್ಯಾಂಕೂವರ್

ಅಕ್ಕನಿಗೆ ನಮಸ್ಕಾರ. ನಾನು ಕ್ಷೇಮ, ಅಲ್ಲೂ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಅಪ್ಪಯ್ಯನ ಮಂಡಿನೋವಿನ ವಿಷಯ ಭಾವ ಫೋನಲ್ಲಿ ಹೇಳಿದರು. ತೋಟಕ್ಕೆ ಔಷಧಿ ಹೊಡೆಯೋಕೆ ಜನ ಸಿಕ್ಕಿದರಂತಲ್ಲ, ಸದ್ಯ.

ನಿನ್ನ ಪತ್ರ ಓದಿದ ಮೇಲೆ ಬೇರೆ ಯಾವುದೂ ತಲೆಗೆ ಹತ್ತುತ್ತಿಲ್ಲ. ಪುಟ್ಟಿ ಮುಖಕ್ಕೆಲ್ಲ ಪೌಡರ್ ಬಳಿದುಕೊಂಡು ‘ಕಪ್ಪಗಿರೋರು ರಾಣಿ ಆಗಲ್ಲ’ ಅಂದಳು, ಅಲ್ಲಿ ಒಳ್ಳೆ ಕ್ರೀಮು ಇದ್ದರೆ ಕಳಿಸು ಅಂತ ಬರೆದಿದ್ದೀಯ. ಕಳಿಸೋಲ್ಲ. ಕೋಪ ಮಾಡಿಕೊಳ್ಳಬೇಡ. ಬೆಳ್ಳಗೆ ಮಾಡುವ ಕ್ರೀಮುಗಳಲ್ಲಿ ಕೆಲವಕ್ಕೆ ಸ್ಟಿರಾಯ್ಡ್ ಹಾಕಿರುತ್ತಾರೆ, ಕೆಲವಕ್ಕೆ ಪಾದರಸ. ಸ್ಟಿರಾಯ್ಡ್ ಹಚ್ಚಿದ ಶುರುವಿಗೆ ಮುಖ ತಿಳಿಯಾದ ಹಾಗೆ ಕಾಣುತ್ತೆ. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿ, ಗುಳ್ಳೆ. ಹಚ್ಚೋದು ನಿಲ್ಲಿಸಿದರೆ ಇನ್ನೂ ಜಾಸ್ತಿ. ಮಕ್ಕಳ ಚರ್ಮಕ್ಕೆ ಅದು ಬೇಡವೇ ಬೇಡ. ಅಮ್ಮನಿಗೂ ಹೇಳು.

ಆ ಮಾತು ಅವಳು ಎಲ್ಲಿಂದ ಕಲಿತಳು ಅಂತ ಕೇಳಿದ್ದೀಯ. ಮದುವೆಮನೆಯಲ್ಲಿ ನೆಂಟರು ಆಡುವ ಮಾತು ಸ್ವಲ್ಪ, ನೋಡುವ ಕಾರ್ಟೂನ್ ಸಿನಿಮಾ ಸ್ವಲ್ಪ. ನೆಂಟರ ಬಾಯಿ ನೀನು ನೋಡಿಕೋ. ಸಿನಿಮಾ ನನ್ನ ಕಸುಬು, ಅದನ್ನು ಬಿಡಿಸಿ ಬರೆಯುತ್ತೇನೆ.

2001ರ ‘ಅಟ್ಲಾಂಟಿಸ್’ ತಗೋ. ಮುಳುಗಿದ ಊರಿನ ರಾಜಕುಮಾರಿ ಕೀಡಾ, ಕಂದು ಮೈಬಣ್ಣದವಳು, ಸಾವಿರಾರು ವರ್ಷದಿಂದ ಅಲ್ಲೇ ಬದುಕಿದ್ದಾಳೆ. ಆದರೂ ತನ್ನ ಜನರ ಲಿಪಿ ಅವಳಿಗೆ ಓದೋಕೆ ಬರಲ್ಲ. ಅಮೆರಿಕದಿಂದ ಬಂದ ಮೈಲೋಗೆ ಬರುತ್ತೆ. ಅವರದೇ ಹಾರುವ ಗಾಡಿಯನ್ನು ಶುರು ಮಾಡೋಕೂ ಅವಳಿಗೆ ಗೊತ್ತಿಲ್ಲ. ಅಕ್ಷರ ಕೆತ್ತಿದ ಜಾಗದ ಮೇಲೆ ಕೈ ಇಟ್ಟುಕೊಂಡು ಹರಳನ್ನು ಕಾಲು ಸುತ್ತು ತಿರುಗಿಸಬೇಕು ಅಂತ ಅವನೇ ಹೇಳಿಕೊಡಬೇಕು. ನಮ್ಮ ಕೊನೆಗೌಡನಿಗೆ ಅಡಿಕೆ ಮರ ಹತ್ತೋದನ್ನು ಲಂಡನ್ನಿನವನು ಬಂದು ಕಲಿಸಿದ ಹಾಗೆ! ಇಂಥ ಕಥೆಗೆ ಇಲ್ಲಿ ‘ವೈಟ್ ಸೇವಿಯರ್’, ಅಂದರೆ ಬಿಳಿಯನೇ ಬಂದು ಕಾಪಾಡುವ ಕಥೆ ಅಂತಾರೆ. ಬಿಳಿಯನನ್ನು ದೊಡ್ಡವನು ಮಾಡೋಕೆ ಊರಿನವರ ತಿಳಿವಳಿಕೆಯನ್ನು ಮೊದಲೇ ಕಿತ್ತುಕೊಂಡಿರುತ್ತಾರೆ. ಕೀಡಾ ಚಂದ ಇದ್ದಾಳೆ, ಧೈರ್ಯವಂತೆ, ಎಲ್ಲ ಸರಿ. ದಾರಿ ಕಾಣೋದು ಮಾತ್ರ ಅವನಿಗೆ. 2000ದ ‘ದಿ ರೋಡ್ ಟು ಎಲ್ ಡೊರಾಡೊ’ದಲ್ಲೂ ಹಾಗೇ, ಇಬ್ಬರು ಸ್ಪೇನಿನ ಮೋಸಗಾರರನ್ನು ಊರಿನವರು ದೇವರು ಅಂದುಕೊಳ್ಳುತ್ತಾರೆ, ಕೊನೆಗೆ ಊರು ಉಳಿಸೋರೂ ಅವರೇ. 1999ರ ‘ಟಾರ್ಜನ್’ ನಡೆಯೋದು ಆಫ್ರಿಕಾದಲ್ಲಿ, ಆದರೆ ಒಬ್ಬ ಆಫ್ರಿಕಾದವನೂ ಕಾಣಲ್ಲ.

ಕಪ್ಪು ಬಣ್ಣದವರನ್ನೇ ನಾಯಕರು ಮಾಡಿದಾಗಲೂ ಒಂದು ತೊಡಕು ಬರುತ್ತೆ. 2009ರ ‘ದಿ ಪ್ರಿನ್ಸೆಸ್ ಆ್ಯಂಡ್ ದಿ ಫ್ರಾಗ್’ನ ಟಿಯಾನಾ ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ, ಆದರೆ ಸಿನಿಮಾದ ಬಹುಪಾಲು ಅವಳು ಕಪ್ಪೆ. 2020ರ ‘ಸೋಲ್’ನಲ್ಲಿ ಜೋ ಅನ್ನೋ ಕಪ್ಪು ಸಂಗೀತ ಮೇಷ್ಟ್ರು ಆತ್ಮವಾಗಿ, ಆಮೇಲೆ ಬೆಕ್ಕಾಗಿ ಓಡಾಡುತ್ತಾನೆ. ಅವನ ಮೈಯೊಳಗೆ ಬೇರೆಯೇ ಆತ್ಮ. ಮಗುವಿಗೆ ತನ್ನಂಥ ಮುಖ ಕಣ್ತುಂಬ ನೋಡೋಕೆ ಸಿಗೋದೇ ಇಲ್ಲ. ಆದರೆ ‘ಸೋಲ್’ನ ಬೆಳಕು ನೋಡು ಅಕ್ಕಾ. ಬ್ರಾಡ್‌ಫರ್ಡ್ ಯಂಗ್ ಅನ್ನೋ ಛಾಯಾಗ್ರಾಹಕರ ಸಲಹೆ ತಗೊಂಡು ಮಾಡಿದ್ದು. ಕಪ್ಪು ಚರ್ಮಕ್ಕೆ ಎದುರಿನಿಂದ ಜೋರು ಬೆಳಕು ಸುರಿದರೆ ಬೂದಿ ಬಳಿದ ಹಾಗೆ ಆಗುತ್ತೆ. ಪಕ್ಕದಿಂದ ಅಗಲವಾದ, ಮೆತ್ತನೆ ಬೆಳಕು ಬಿದ್ದರೆ ಹಣೆ, ಕೆನ್ನೆಯ ಮೂಳೆ ಮಿನುಗುತ್ತೆ, ಮುಖ ತುಂಬಿಕೊಳ್ಳುತ್ತೆ.

ಪುಟ್ಟಿಯ ಫೋಟೋನೂ ಹಾಗೇ ತೆಗಿ. ಜಗಲಿ ಅಂಚಿನಲ್ಲಿ, ಅಂಗಳದ ಬೆಳಕು ಒಂದು ಕೆನ್ನೆಗೆ ಬೀಳೋ ಹಾಗೆ ಕೂರಿಸು. ಫ್ಲ್ಯಾಶ್ ಬೇಡ. ಹಿಂದೆ ಸುಣ್ಣದ ಗೋಡೆಯಾಗಲಿ ಆಕಾಶವಾಗಲಿ ಇದ್ದರೆ ಫೋನು ಆ ಬಿಳುಪಿಗೆ ಹೊಂದಿಕೊಂಡು ಮುಖ ಕಪ್ಪಿಡುತ್ತೆ, ಅದಕ್ಕೇ ಹಿಂದೆ ಮರದ ಬಾಗಿಲು ಇರಲಿ. ಪರದೆಯಲ್ಲಿ ಅವಳ ಮುಖ ಒತ್ತಿ ಆಮೇಲೆ ಕ್ಲಿಕ್ ಮಾಡು. ಬ್ಯೂಟಿ ಫಿಲ್ಟರ್ ಖಂಡಿತ ಆಫ್ ಮಾಡು, ಅದು ಕೇಳದೇ ಬೆಳ್ಳಗೆ ಮಾಡುತ್ತೆ. ಆ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವಳ ಕಣ್ಣೆತ್ತರಕ್ಕೆ ಅಂಟಿಸು.

ಸಿನಿಮಾ ನಿಲ್ಲಿಸಬೇಡ, ನಿಲ್ಲಿಸಿದರೆ ಚಿಕ್ಕಮ್ಮನ ಮನೆಗೆ ಹೋಗಿ ನೋಡುತ್ತಾಳೆ. ನೀನೂ ಪಕ್ಕದಲ್ಲಿ ಕೂರು. ‘ಫ್ರೋಝನ್’ ಸಿನಿಮಾದ ಬೆಳ್ಳಗಿನ ರಾಣಿ, ಅವಳ ಎಲ್ಸಾ ಕೆಟ್ಟವಳು ಅಂತ ಹೇಳಲೇಬೇಡ, ನಿನ್ನ ಮೇಲೇ ಸಿಟ್ಟು ಬರುತ್ತೆ. ‘ಫ್ರೋಝನ್ 2’ರಲ್ಲಿ ಅಣೆಕಟ್ಟಿನ ಗುಟ್ಟು ಬಯಲಾಗೋ ಕಡೆ ನಿಲ್ಲಿಸಿ ಕೇಳು: ಇದನ್ನು ಕಟ್ಟಿಸಿದ್ದು ಯಾರು, ಇದರಿಂದ ಹಾಳಾದದ್ದು ಯಾರ ಕಾಡು? ಮುಳುಗಡೆ ಕಂಡ ಶರಾವತಿ ಸೀಮೆಯ ಮಗುವಿಗೆ ಅದು ಬೇಗ ಅರ್ಥವಾಗುತ್ತೆ. ಆಮೇಲೆ, ಆ ಅಣೆಕಟ್ಟನ್ನು ಕಾಡಿನವರೇ ಯಾಕೆ ಒಡೆಯಲಿಲ್ಲ ಅಂತ ಕೇಳು. ಉತ್ತರ ನೀನು ಕೊಡಬೇಡ. ಒಂದು ಕೂತಲ್ಲಿ ಎರಡು ಪ್ರಶ್ನೆ ಸಾಕು, ಹೆಚ್ಚಾದರೆ ಶಾಲೆಯ ಪಾಠದ ಹಾಗಾಗಿ ಎದ್ದು ಹೋಗುತ್ತಾಳೆ. ಆ ಸಿನಿಮಾ ಮಾಡುವಾಗ ಡಿಸ್ನಿ ಆ ಕಾಡಿನವರನ್ನು ಹೋಲುವ, ಯುರೋಪಿನ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಜೊತೆ ಒಪ್ಪಂದ ಮಾಡಿಕೊಂಡು, ಅವರ ಭಾಷೆಗೂ ಡಬ್ ಮಾಡಿತು. ಅದು ಒಳ್ಳೆ ಕೆಲಸ, ಅದನ್ನೂ ಹೇಳು.

ಮುಂದಿನ ವಾರ ‘ಮೊವಾನಾ’ ಹಾಕು. ದೋಣಿ ನಡೆಸೋದು, ಕೊನೆಗೆ ದೇವಿಯ ಗುರುತು ಹಿಡಿಯೋದು, ಎಲ್ಲ ಆ ಕಂದು ಬಣ್ಣದ ಹುಡುಗಿಯೇ. ಅದರಲ್ಲಿ ಬರೋ ಅರೆದೇವರು ಮಾವಿಯನ್ನು ಮೊದಲು ಬೋಳುತಲೆ ಮಾಡಿದ್ದರು, ಕಥೆ ನಡೆಯೋ ಪೆಸಿಫಿಕ್ ದ್ವೀಪದವರು ಒಪ್ಪದೆ ಉದ್ದ ಕೂದಲು ಬಂತು. ಕೇಳಿದರೆ ಬದಲಾಗುತ್ತೆ.

ಇಲ್ಲಿ ಎಷ್ಟೋ ಸಭೆಗಳು ಶುರುವಾಗುವ ಮೊದಲು ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಮಸ್ಕ್ವಿಯಮ್, ಸ್ಕ್ವಾಮಿಷ್, ಸ್ಲೇವಾಟೂತ್ ಜನರದ್ದು ಅಂತ ಎದ್ದು ನಿಂತು ಹೇಳುತ್ತಾರೆ. ಭಾವ ನಗಬಹುದು, ನನಗಂತೂ ಅದು ಗೌರವದ ಕೆಲಸ ಅನ್ನಿಸುತ್ತೆ.

ಪುಟ್ಟಿಗೆ ಏನೂ ಆಗಿಲ್ಲ, ಏನೂ ಆಗಲ್ಲ, ನೀನು ನಿದ್ದೆ ಕೆಡಬೇಡ. ನಾನು ಚೆನ್ನಾಗಿದ್ದೇನೆ, ಊಟ ಸರಿಯಾಗಿ ಮಾಡುತ್ತೇನೆ, ಚಳಿಗೆ ಸ್ವೆಟರ್ ಇದೆ, ದುಡ್ಡಿಗೂ ತೊಂದರೆ ಇಲ್ಲ. ಅಪ್ಪಯ್ಯನ ಎಕ್ಸ್‌ರೇ ವಾಟ್ಸಾಪ್ ಮಾಡು. ಕೆಲಸಕ್ಕೆ ಹೊತ್ತಾಯ್ತು, ಬಸ್ಸು ತಪ್ಪುತ್ತೆ. ಉಳಿದದ್ದು ಭಾನುವಾರ ಫೋನಲ್ಲಿ.

ನಿನ್ನ ತಮ್ಮ,
ಮಂಜು