ಎರಡನೇ ಮಾತ್ರೆ ಎಲ್ಲಿಯವರೆಗೆ?

ಮಾನ್ಯ ಸಂಪಾದಕರೇ,

ಸ್ಟ್ರೋಕ್ ಆದವರು ಮಾತ್ರೆ ಬಿಡಬಾರದು ಅಂತ ನಿಮ್ಮ ಆರೋಗ್ಯ ಪುಟದಲ್ಲಿ ಆಗಾಗ ಓದುತ್ತೇನೆ. ನಿಜವೇ. ಆದರೆ ಎರಡು ಮಾತ್ರೆ ಕೊಟ್ಟಿದ್ದರೆ ಅದರಲ್ಲಿ ಒಂದನ್ನು ಯಾವಾಗ ನಿಲ್ಲಿಸಬೇಕು ಅನ್ನುವುದನ್ನೂ ಯಾರಾದರೂ ಹೇಳಬೇಕಲ್ವಾ?

ನಾನು ಬಟ್ಟೆ ಹೊಲಿಯುವವಳು. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಹೋದರೆ ಬಲಗೈ ಮಾತೇ ಕೇಳಲಿಲ್ಲ. ಮಗನನ್ನು ಕರೆದೆ, ನಾಲಿಗೆ ತೊದಲಿತು. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಸುಮ್ನೆ ಯಾಕೆ ಆಸ್ಪತ್ರೆ ಅಂದೆ, ಪುಣ್ಯಕ್ಕೆ ಅವನು ಕೇಳಲಿಲ್ಲ. ಮೆದುಳಿನ ಎಡಭಾಗದ ಒಂದು ರಕ್ತನಾಳ ಶೇ 70ಕ್ಕಿಂತ ಜಾಸ್ತಿ ಕಿರಿದಾಗಿದೆ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಯಿತು.

ಕಿರಿದಾದ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಬಿಡಿ ಅಂತ ಮಗನ ಹಟ. ಡಾಕ್ಟರ್ ಒಪ್ಪಲಿಲ್ಲ. ಯಾಕೆ ಅಂತ ಮಗ ಆಮೇಲೆ ಹುಡುಕಿ ಓದಿದ. ಅಮೆರಿಕದಲ್ಲಿ ಇಂಥದ್ದೇ 451 ರೋಗಿಗಳ ಮೇಲೆ ಸ್ಯಾಂಪ್ರಿಸ್ ಅನ್ನುವ ಅಧ್ಯಯನ ನಡೆದು, 2011ರಲ್ಲಿ ಪ್ರಕಟವಾಗಿತ್ತಂತೆ. ಸ್ಟೆಂಟ್ ಹಾಕಿದವರಲ್ಲಿ ಶೇ 14.7 ಮಂದಿಗೆ 30 ದಿನದೊಳಗೇ ಸ್ಟ್ರೋಕ್ ಅಥವಾ ಸಾವು. ಬರೀ ಔಷಧ ತೆಗೆದುಕೊಂಡವರಲ್ಲಿ ಶೇ 5.8. ಅವನು ಮತ್ತೆ ಸ್ಟೆಂಟ್ ಮಾತೆತ್ತಲಿಲ್ಲ.

ನನಗೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ಕೊಟ್ಟರು. ಜೊತೆಗೆ ಬಿಪಿಗೆ, ಕೊಲೆಸ್ಟ್ರಾಲ್‌ಗೆ ಬೇರೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ಗಳನ್ನು ಜನ ರಕ್ತ ತೆಳು ಮಾಡುವ ಮಾತ್ರೆ ಅನ್ನುತ್ತಾರೆ, ಆದರೆ ರಕ್ತವೇನೂ ನೀರಾಗುವುದಿಲ್ಲ. ಕಿರಿದಾದ ಜಾಗದಲ್ಲಿ ಪ್ಲೇಟ್‌ಲೆಟ್ ಅನ್ನುವ ರಕ್ತದ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುವುದನ್ನು ಇವು ತಡೆಯುತ್ತವೆ.

ಮನೆಗೆ ಬರುವಾಗ ಕೊಟ್ಟ ಚೀಟಿಯಲ್ಲಿ ಎರಡೂ ಮಾತ್ರೆಯ ಮುಂದೆ ಒಂದೇ ಮಾತು: 'ಮುಂದುವರಿಸಿ'. ಮುಂದುವರಿಸಿದೆ, ಎಂಟು ತಿಂಗಳು. ಹೊಲಿಯುವವರ ಬೆರಳಿಗೆ ಸೂಜಿ ಚುಚ್ಚುವುದು ಹೊಸದೇನಲ್ಲ, ಬಾಯಲ್ಲಿಟ್ಟು ಚೀಪಿದರೆ ಮುಗಿಯಿತು. ಆದರೆ ಈಗ ಒಂದು ಚುಚ್ಚಿಗೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ಒಬ್ಬರ ಬಿಳಿ ಕುಪ್ಪಸದ ತೋಳಿನ ಮೇಲೆ ಸಾಸಿವೆಯಷ್ಟು ಮೂರು ಕಲೆ ಬಿದ್ದವು. ತೊಳೆದರೂ ಹೋಗಲಿಲ್ಲ, ತೋಳನ್ನೇ ಬಿಚ್ಚಿ ಬೇರೆ ಹಾಕಿದೆ. ತೊಡೆಯ ಮೇಲೆ ಎಲ್ಲೂ ತಗುಲದೆಯೇ ನೀಲಿ ಗುರುತು. ಎರಡೂ ಬಿಟ್ಟುಬಿಡು ಅಂದರು ನಾದಿನಿ. ಹಾಗೆ ಮಾಡಿದ್ದರೆ ಇವತ್ತು ಈ ಪತ್ರ ಬರೆಯಲು ಕೈ ಇರುತ್ತಿತ್ತೋ ಇಲ್ಲವೋ.

ಬೇರೆ ನರರೋಗ ತಜ್ಞರ ಹತ್ತಿರ ಹೋದೆವು. ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಮೂರು ತಿಂಗಳಿಗೆ ಅಲ್ವಾ?" ಅಂದರು. ಕ್ಲೊಪಿಡೋಗ್ರೆಲ್ ಹೊಡೆದುಹಾಕಿ, ಆಸ್ಪಿರಿನ್ ಮಾತ್ರ ಯಾವತ್ತೂ ಬಿಡಬೇಡಿ ಅಂದರು. ಮೆದುಳಿನ ನಾಳ ತುಂಬಾ ಕಿರಿದಾದವರಿಗೆ ಸಾಮಾನ್ಯವಾಗಿ 90 ದಿನ ಎರಡೂ ಕೊಡುತ್ತಾರಂತೆ. ನಾಳ ಅಷ್ಟು ಕಿರಿದಾಗದೆ ಸಣ್ಣ ಸ್ಟ್ರೋಕ್ ಆದವರಿಗೆ ಹೆಚ್ಚಾಗಿ 21 ದಿನ ಸಾಕಂತೆ. ಆಮೇಲೆ ಎರಡರಿಂದ ಲಾಭ ಕಡಿಮೆ, ರಕ್ತಸ್ರಾವದ ಭಯ ಜಾಸ್ತಿ.

ಡಾಕ್ಟರುಗಳಲ್ಲಿ ನನ್ನದೊಂದೇ ಕೋರಿಕೆ. 'ಮುಂದುವರಿಸಿ' ಅಂತ ಬರೆಯುವ ಜಾಗದಲ್ಲಿ ಒಂದು ತಾರೀಕು ಹಾಕಿ. ಯಾವುದು ಆ ದಿನಕ್ಕೆ ನಿಲ್ಲಬೇಕು, ಯಾವುದು ನಿಲ್ಲಲೇಬಾರದು ಅಂತ ನಮ್ಮ ಭಾಷೆಯಲ್ಲೇ ಬರೆಯಿರಿ. ಎರಡು ಸಾಲು ಸಾಕು.

— ಹೊಲಿಗೆ ಕೆಲಸದ ಒಬ್ಬ ಓದುಗಾರ್ತಿ