ಸಾಣಿಗೆ ಪ್ಲೇಟಿನ ನಕ್ಷೆ: ಗ್ಯಾಪು ಬೇಡ, ಪಿಚ್ ಬರೆಯಿರಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಭಾಗದ ಫ್ಯಾಬ್ರಿಕೇಷನ್ ಶೆಡ್ಡುಗಳಿಗೆ ಕಾಳು ಹಸನು ಮಾಡುವ ಯಂತ್ರದ ಸಾಣಿಗೆ ಪ್ಲೇಟು, ಗೇಟಿನ ಜಾಳಿ, ಫ್ಯಾನಿನ ಕವರು ಇಂಥ ಕೆಲಸ ಬಂದಾಗ ಆರ್ಡರು ಚೀಟಿಯಲ್ಲಿ ಇರುವುದು ಹೆಚ್ಚೆಂದರೆ ಒಂದು ಸಾಲು: ‘8 ಎಂಎಂ ತೂತು, 4 ಎಂಎಂ ಗ್ಯಾಪು’. ಶೀಟು ಹಾಳಾಗುವ ದಾರಿ ಅಲ್ಲಿಂದಲೇ ಶುರು. ಬೈಗುಳ ಮಾತ್ರ ಶೀಟು ಕತ್ತರಿಸುವ ಲೇಸರ್ ಯಂತ್ರದ ಆಪರೇಟರ್ ಪಾಲಿಗೆ.

ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಆಟೋಕ್ಯಾಡ್‌ನಲ್ಲಿ ಒಂದೇ ತೂತನ್ನು ಸಾಲುಸಾಲಾಗಿ ಹರಡುವ ಅರೇ ಕಮಾಂಡು ಗ್ಯಾಪನ್ನು ಕೇಳುವುದಿಲ್ಲ. ಒಂದು ತೂತಿನ ಸೆಂಟರಿನಿಂದ ಪಕ್ಕದ ತೂತಿನ ಸೆಂಟರಿಗೆ ಎಷ್ಟು ದೂರ ಎಂಬುದಷ್ಟೇ ಅದಕ್ಕೆ ಬೇಕು. ಅದೇ ಪಿಚ್. ಮೇಲಿನ ಚೀಟಿಗೆ 8 ಕೂಡಿಸು 4, ಅಂದರೆ 12. ಚೀಟಿ ನೋಡಿ ‘ಬಿಟ್ವೀನ್’ ಎಂಬ ಜಾಗದಲ್ಲಿ ನೇರವಾಗಿ 4 ಹೊಡೆದರೆ 8 ಎಂಎಂ ವೃತ್ತಗಳು ಒಂದರ ಮೇಲೊಂದು ಅರ್ಧ ಏರಿ ಕೂಡುತ್ತವೆ. ಪೂರ್ತಿ ಶೀಟು ಕಾಣುವಂತೆ ದೂರದಿಂದ ನೋಡಿದರೆ ಅದು ಬರೀ ದಟ್ಟ ಜಾಳಿ, ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ತಪ್ಪು ಎಣಿಕೆಯದು. 1200 x 600 ಎಂಎಂ ಪ್ಲೇಟು ಎಂದಿಟ್ಟುಕೊಳ್ಳಿ. ನಾಲ್ಕೂ ಕಡೆ ಅಂಚಿನಿಂದ ಮೊದಲ ತೂತಿನ ಸೆಂಟರಿಗೆ 24 ಎಂಎಂ ಬಿಟ್ಟರೆ ಉದ್ದಕ್ಕೆ ಉಳಿಯುವುದು 1152, ಅಗಲಕ್ಕೆ 552. ಪಿಚ್ 12ರಿಂದ ಭಾಗಿಸಿದರೆ 96 ಮತ್ತು 46. ಇವು ತೂತಿನ ಲೆಕ್ಕವಲ್ಲ, ನಡುವಿನ ಅಂತರಗಳ ಲೆಕ್ಕ. ತೂತು ಯಾವಾಗಲೂ ಒಂದು ಹೆಚ್ಚು: ಉದ್ದಕ್ಕೆ 97 ಕಾಲಂ, ಅಗಲಕ್ಕೆ 47 ರೋ, ಒಟ್ಟು 4559. ಅವಸರದಲ್ಲಿ 1200ನ್ನೇ 12ರಿಂದ ಭಾಗಿಸಿ 100 ಕಾಲಂ ಕೊಟ್ಟರೆ ಕೊನೆಯ ತೂತಿನ ಸೆಂಟರು ಪ್ಲೇಟಿನ ಅಂಚಿನಿಂದ 12 ಎಂಎಂ ಆಚೆ ಹೋಗಿ ಕೂಡುತ್ತದೆ. ‘ಬಿಟ್ವೀನ್’ ಜೊತೆಗೇ ಇರುವ ‘ಟೋಟಲ್’ ಎಂಬ ಜಾಗವೂ ಹೀಗೆಯೇ ಮೋಸ ಮಾಡುತ್ತದೆ. ಅಲ್ಲಿ ಪ್ಲೇಟಿನ ಉದ್ದ ಬರೆಯಬಾರದು, ಮೊದಲ ಸೆಂಟರಿನಿಂದ ಕೊನೆಯ ಸೆಂಟರಿನವರೆಗಿನ 1152 ಬರೆಯಬೇಕು. 97 ಕಾಲಂ ಇಟ್ಟು 1200 ಬರೆದರೆ ಪಿಚ್ಚು ತಾನಾಗಿಯೇ 12.5 ಆಗಿಬಿಡುತ್ತದೆ.

ದುಡ್ಡು ಕೊಟ್ಟು ಆಟೋಕ್ಯಾಡ್ ಕೊಳ್ಳಲಾಗದ ಸಣ್ಣ ಶೆಡ್ಡಿನವರು ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್ ಬಳಸುತ್ತಾರೆ, ಒಳ್ಳೆಯದೇ. ಆದರೆ ಅಲ್ಲಿ ಕಾಪಿ ಮಾಡುವಾಗ ಕೊಡುವ ಸಂಖ್ಯೆ ನಕಲುಗಳದ್ದು, ಮೂಲ ತೂತು ಅದರಲ್ಲಿ ಸೇರಿಲ್ಲ. ಆಟೋಕ್ಯಾಡ್‌ನಲ್ಲಿ 97 ಎಂದದ್ದು ಇಲ್ಲಿ 96. ಮೊದಲು ಒಂದು ಸಾಲು ಮಾಡಿ, ಆ ಇಡೀ ಸಾಲನ್ನು ಆಯ್ದು ಇನ್ನೊಂದು ದಿಕ್ಕಿಗೆ 46 ನಕಲು ತೆಗೆಯಬೇಕು.

ಸಾಣಿಗೆಗೆ ನೇರ ಚೌಕದ ಜೋಡಣೆಗಿಂತ ರಂಗೋಲಿಯ ಸಂದುಚುಕ್ಕಿಯಂತೆ ಸಾಲು ಬಿಟ್ಟು ಸಾಲು ಸರಿಸಿದ ಜೋಡಣೆಯೇ ವಾಸಿ. 8 ಎಂಎಂ ತೂತು, 12 ಎಂಎಂ ಪಿಚ್ಚಿಗೆ ಚೌಕದಲ್ಲಿ ತೆರೆದ ಜಾಗ ಸುಮಾರು ಶೇ 35. ಸರಿಸಿದ ಜೋಡಣೆಯಲ್ಲಿ ಶೇ 40, ಎರಡು ತೂತಿನ ನಡುವಿನ ತಗಡು ಅಷ್ಟೇ ಉಳಿದೂ. ಇದನ್ನು ಒಂದೇ ಅರೇಯಲ್ಲಿ ಮಾಡಲು ಹೋಗಿ ತಲೆ ಕೆಡಿಸಿಕೊಳ್ಳುವುದು ಬೇಡ, ನೇರ ಸಾಲುಗಳಿಗೆ ಒಂದು, ಸರಿಸಿದ ಸಾಲುಗಳಿಗೆ ಒಂದು ಎಂದು ಎರಡು ಮಾಡಿ. ಸಾಲಿನಿಂದ ಸಾಲಿಗೆ ದೂರ ಪಿಚ್ಚಿನ 0.866 ಪಟ್ಟು, ಅಂದರೆ 10.392. ಮೊದಲ ಅರೇಗೆ 27 ರೋ, 97 ಕಾಲಂ, ಕಾಲಂ ಅಂತರ 12, ರೋ ಅಂತರ ಇಮ್ಮಡಿಯಾದ 20.785. ಎರಡನೆಯದಕ್ಕೆ ಮೂಲ ತೂತನ್ನು ಬಲಕ್ಕೆ 6, ಮೇಲಕ್ಕೆ 10.392 ಸರಿಸಿ ಇಟ್ಟು 27 ರೋ, 96 ಕಾಲಂ. ಅಗಲದಲ್ಲಿ ಮಿಕ್ಕುವ ಒಂದು ಎಂಎಂ ಚಿಲ್ಲರೆಯನ್ನು ಎರಡೂ ಅಂಚಿಗೆ ಹಂಚಿದರಾಯಿತು.

ನಕ್ಷೆ ಸರಿಯಿದ್ದೂ ಕಟಿಂಗ್‌ನಲ್ಲಿ ಕೆಡುವುದುಂಟು. 2012ರ ಆವೃತ್ತಿಯಿಂದ ಆಟೋಕ್ಯಾಡ್ ಇಡೀ ಅರೇಯನ್ನು ಒಂದೇ ವಸ್ತುವಾಗಿ ಕಟ್ಟಿಡಬಲ್ಲದು. ಮುಂದೆ ಪಿಚ್ ಬದಲಿಸಲು ಅದು ಬಲು ಅನುಕೂಲ. ಆದರೆ ಹಾಗೆಯೇ ಡಿಎಕ್ಸ್‌ಎಫ್ (ಕಟಿಂಗ್‌ಗೆ ಕೊಡುವ ನಕ್ಷೆಯ ಫೈಲು) ಮಾಡಿ ಕಳಿಸಿದರೆ ಕೆಲವು ಕಟಿಂಗ್ ಸಾಫ್ಟ್‌ವೇರಿನಲ್ಲಿ ತೂತುಗಳೇ ಕಾಣುವುದಿಲ್ಲ. ಮೂಲ ಫೈಲನ್ನು ಹಾಗೇ ಇಟ್ಟು, ಅದರ ಪ್ರತಿಯಲ್ಲಿ ಎಕ್ಸ್‌ಪ್ಲೋಡ್ ಮಾಡಿ, ಅಂದರೆ ಆ ಕಟ್ಟು ಬಿಚ್ಚಿ ಕಳಿಸಿ. ಕಳಿಸುವ ಮುನ್ನ, ಒಂದರ ಮೇಲೊಂದು ಕೂತ ಜೋಡಿ ಗೆರೆಗಳನ್ನು ಅಳಿಸುವ ಓವರ್‌ಕಿಲ್ ಕಮಾಂಡು ಓಡಿಸಿ. ಒಂದೇ ಜಾಗದಲ್ಲಿ ಎರಡು ವೃತ್ತ ಕೂತಿದ್ದರೆ ಲೇಸರ್ ಅದೇ ದಾರಿಯಲ್ಲಿ ಎರಡು ಸಲ ಸುತ್ತಿ ಅಂಚು ಸುಡುತ್ತದೆ. ಚೌಕಗಳನ್ನು ಒಂದಕ್ಕೊಂದು ಅಂಟಿಸಿ ಅರೇ ಮಾಡಿದಾಗಂತೂ ನಡುವಿನ ಪ್ರತಿ ಗೆರೆಯೂ ಜೋಡಿಯೇ.

ಲೇಔಟ್ ನಕ್ಷೆ ಮಾಡುವವರದೂ ಇದೇ ಗೋಳು, ಅಲ್ಲಿ ಅಡಿ ಮತ್ತು ಮೀಟರಿನ ಜಗಳ ಬೇರೆ. 30 x 40 ಸೈಟಿನ 30 ಅಡಿ ಎಂದರೆ 9.144 ಮೀಟರ್. ಅದನ್ನು 9.1 ಎಂದು ಹೊಡೆದು 20 ಸೈಟಿನ ಸಾಲು ಎಳೆದರೆ ಕೊನೆಗೆ 88 ಸೆಂ.ಮೀ. ಕಡಿಮೆ ಬೀಳುತ್ತದೆ. ಜಾಗದಲ್ಲಿ ಅಡಿ ಟೇಪು ಹಿಡಿದವರಿಗೆ ಕೊನೆಯ ಸೈಟು ಹತ್ತಿರತ್ತಿರ ಮೂರಡಿ ರಸ್ತೆಯೊಳಗೆ ಹೋಗುತ್ತದೆ. ಅಂತರಕ್ಕೆ ಕೊಡುವ ಅಂಕಿಯನ್ನು ಎಂದಿಗೂ ಹೀಗೆ ದುಂಡು ಮಾಡಬಾರದು. ಒಂದರಲ್ಲಿ ಕಾಣದ ತಪ್ಪು ಇಪ್ಪತ್ತರಲ್ಲಿ ಕಾಣುತ್ತದೆ.

ಐಟಿಐ ಮತ್ತು ಖಾಸಗಿ ಕ್ಯಾಡ್ ತರಬೇತಿ ಕೇಂದ್ರಗಳಲ್ಲಿ ಅರೇಯನ್ನು ಗುಂಡಿ ಒತ್ತುವ ಕೆಲಸವಾಗಿ ಕಲಿಸಿ ಮುಂದಿನ ಪಾಠಕ್ಕೆ ಹೋಗುವುದನ್ನು ನಿಲ್ಲಿಸಬೇಕು. ಮೊದಲು ಕಾಗದದ ಮೇಲೆ ಎಣಿಕೆ ತೆಗೆಸಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಲಿ. ಅರೇ ಮುಗಿದ ಮೇಲೆ ಕೊನೆಯ ತೂತಿನ ಸೆಂಟರಿನಿಂದ ಅಂಚಿಗೆ ಡಿಸ್ಟ್ ಕಮಾಂಡಿನಲ್ಲಿ ಅಳೆದು ನೋಡುವುದನ್ನು ಅಭ್ಯಾಸ ಮಾಡಿಸಲಿ. ಮೊದಲ ಕಡೆ 24 ಇದ್ದು ಕೊನೆಯ ಕಡೆ 36 ಬಂದರೆ ಎಣಿಕೆಯಲ್ಲಿ ಒಂದು ಕಾಲಂ ತಪ್ಪಿದೆ ಎಂದೇ ಅರ್ಥ. ಇನ್ನು ಶೆಡ್ಡಿನ ಮಾಲೀಕರಿಗೆ ಒಂದು ವಿನಂತಿ: ಆರ್ಡರು ಚೀಟಿಯಲ್ಲಿ ತೂತಿನ ಅಳತೆ, ಪಿಚ್, ಅಂಚಿನಿಂದ ಸೆಂಟರಿಗೆ ದೂರ, ನೇರ ಜೋಡಣೆಯೋ ಸರಿಸಿದ್ದೋ ಎಂಬ ನಾಲ್ಕು ಖಾನೆ ಅಚ್ಚು ಹಾಕಿಸಿಡಿ. ಗಿರಾಕಿ ಎದುರಿಗಿರುವಾಗಲೇ ಅವನ್ನು ತುಂಬಿಸಿಕೊಳ್ಳಿ.

– ಫ್ಯಾಬ್ರಿಕೇಷನ್ ನಕ್ಷೆಗಾರರು, ಹುಬ್ಬಳ್ಳಿ