ಪಾಳು ಅನ್ನುವ ಮೊದಲು ಗೋಡೆ ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಲಿವರ್‌ಪೂಲ್‌ನ ಎವರ್ಟನ್ ಕ್ಲಬ್ಬು ಕಟ್ಟಿಸಿದ ಹೊಸ ಫುಟ್‌ಬಾಲ್ ಸ್ಟೇಡಿಯಂ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬರಹವೊಂದು ಬಂದಿತ್ತು. ಪಾಳು ಬಿದ್ದಿದ್ದ ನದಿದಂಡೆಗೆ ಜೀವ ಬಂತು, ಹಳೆಯ ಸ್ಟೇಡಿಯಂ ನೆಲಸಮ ಆಯಿತು, ನಮ್ಮ ಕರಾವಳಿಯ ಹಳೆಯ ಬಂದರುಗಳಲ್ಲೂ ಹೀಗೇ ಏನಾದರೂ ಮಾಡಬೇಕು ಎನ್ನುವ ಧಾಟಿ. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ನಾನು ಈಗ ಅದೇ ಊರಲ್ಲಿ ಕೂತಿದ್ದೇನೆ. ಓದಿ ಸುಮ್ನೆ ಇರಲಾಗಲಿಲ್ಲ.

ನಾನು ಕಾರವಾರದವನು. ಬಂದರು ಕಾಮಗಾರಿಗಳಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದವನು, ಈಗ ನಿವೃತ್ತ. ಮಗಳು ಇಲ್ಲಿ ನರ್ಸ್. ಮೇ ಮೊದಲ ವಾರ ಬಂದೆ, ವೀಸಾ ಆರು ತಿಂಗಳು, ಅಕ್ಟೋಬರ್ ಕೊನೆಗೆ ವಾಪಸ್. ಬೆಳಗಿನ ಚಹಾದ ಜೊತೆ ಮೊಬೈಲಿನಲ್ಲಿ ನಿಮ್ಮ ಪತ್ರಿಕೆ ಓದುವುದು ಇಲ್ಲಿಯೂ ತಪ್ಪಿಲ್ಲ. ಫುಟ್‌ಬಾಲ್ ನನ್ನ ಆಟವಲ್ಲ. ನಮ್ಮ ಕಡೆ ಫುಟ್‌ಬಾಲ್ ಅಂದರೆ ಗೋವೆಯವರದ್ದು. ಆದರೆ ಹತ್ತು ವರ್ಷದ ಮೊಮ್ಮಗ ಎವರ್ಟನ್ ಹುಚ್ಚ. ಮನೆ ಇರುವುದು ವಾಲ್ಟನ್‌ನಲ್ಲಿ, ಹಳೆಯ ಸ್ಟೇಡಿಯಂ ಗುಡಿಸನ್ ಪಾರ್ಕಿಗೆ ನಡೆದರೆ ಹತ್ತೇ ನಿಮಿಷ. ಹೊಸದು ಅಲ್ಲಿಂದ ಸುಮಾರು ಮೂರು ಕಿಲೋಮೀಟರ್, ಮರ್ಸಿ ನದಿಯ ದಂಡೆಯಲ್ಲಿ. ಜಾಗದ ಹೆಸರು ಬ್ರ್ಯಾಮ್ಲಿ-ಮೂರ್ ಡಾಕ್.

ನಮ್ಮ ಕಡೆ ದೋಣಿ ಬಂದು ನಿಲ್ಲುವ ಜಾಗಕ್ಕೆ ದಕ್ಕೆ ಅನ್ನುತ್ತೇವೆ. ಇಲ್ಲಿಯ ಡಾಕ್ ಅದಲ್ಲ. ಕಾರವಾರದಲ್ಲಿ ಸಮುದ್ರ ಏರಿ ಇಳಿಯುವುದು ಎರಡು ಮೀಟರಿನ ಆಚೀಚೆ. ಇಲ್ಲಿ ದೊಡ್ಡ ಉಬ್ಬರದ ದಿನ ಒಂಬತ್ತು ಮೀಟರಿನಷ್ಟು! ಬೆಳಿಗ್ಗೆ ತೇಲುತ್ತಿದ್ದ ಹಡಗು ಮಧ್ಯಾಹ್ನ ಕೆಸರಿನಲ್ಲಿ ಕೂರುತ್ತದೆ. ಅದಕ್ಕೇ ನದಿಯ ಅಂಚಿನಲ್ಲಿ ಕಲ್ಲಿನ ದೊಡ್ಡ ದೊಡ್ಡ ಕೊಳಗಳನ್ನು ಕಟ್ಟಿ, ಬಾಗಿಲು ಇಟ್ಟು, ನೀರನ್ನು ಒಳಗೆ ಹಿಡಿದಿಟ್ಟರು. ಅಂದರೆ ಇದು ಸುಮ್ನೆ ಬಿದ್ದಿದ್ದ ದಂಡೆಯಲ್ಲ, ಮನುಷ್ಯರು ಕೈಯಾರೆ ಕಟ್ಟಿದ್ದು. ಕಟ್ಟಿಸಿದ ಎಂಜಿನಿಯರ್ ಜೆಸ್ಸಿ ಹಾರ್ಟ್ಲಿ. 1848ರ ಆಗಸ್ಟ್ 4ರಂದು ಒಂದೇ ದಿನ ಇಂಥ ಐದು ಡಾಕ್‌ಗಳು ಶುರುವಾದವು. ಅದರಲ್ಲಿ ಇದೂ ಒಂದು.

ರಸ್ತೆಯ ಪಕ್ಕ, ಡಾಕ್‌ಗಳ ಉದ್ದಕ್ಕೂ ಹಾರ್ಟ್ಲಿಯದೇ ಕಲ್ಲಿನ ಗೋಡೆ ಇದೆ. ಜೂನ್ ತಿಂಗಳಲ್ಲಿ ಮೊಮ್ಮಗ ಹೊಸ ಸ್ಟೇಡಿಯಂ ತೋರಿಸಲು ಕರೆದುಕೊಂಡು ಹೋದ. ನಾನು ನೋಡಿದ್ದು ಗೋಡೆಯನ್ನು. ನಾವು ಸೈಜುಗಲ್ಲು ಅಂದರೆ ಒಂದೇ ಅಳತೆಗೆ ಕಡಿದು ಸಾಲಾಗಿ ಇಡುತ್ತೇವೆ. ಚಿರೆಕಲ್ಲಂತೂ ಇಟ್ಟಿಗೆಯ ಹಾಗೆ. ಇಲ್ಲಿ ಹಾಗಿಲ್ಲ. ಟ್ರಂಕಿನಷ್ಟು ದೊಡ್ಡ ಗ್ರಾನೈಟ್ ಕಲ್ಲು, ಅದರ ಮೂಲೆಗೆ ತೆಂಗಿನಕಾಯಿಯಷ್ಟು ಇನ್ನೊಂದು, ಸಂದಿಗೆ ಮುಷ್ಟಿಯಷ್ಟು ಮತ್ತೊಂದು. ಒಂದರ ಆಕಾರ ಇನ್ನೊಂದಕ್ಕಿಲ್ಲ. ಆದರೂ ಒಂದರ ಹೊಟ್ಟೆಗೆ ಇನ್ನೊಂದು ಹೇಳಿ ಮಾಡಿಸಿದ ಹಾಗೆ ಕೂತಿದೆ. ನನ್ನ ಬಸ್ ಪಾಸು ಹಾಕಿ ನೋಡಿದೆ, ಎಷ್ಟೋ ಕಡೆ ಸಂದಿಗೆ ಇಳಿಯಲಿಲ್ಲ. ಕಲ್ಲು ಸ್ಕಾಟ್ಲೆಂಡಿನಿಂದ ಬಂದದ್ದು. ಹಾರ್ಟ್ಲಿ ಅಲ್ಲಿ ಈ ಕೆಲಸಕ್ಕೇ ಕ್ವಾರಿ ಇಟ್ಟಿದ್ದ.

"ಅಜ್ಜ, ಸ್ಟೇಡಿಯಂ ಆ ಕಡೆ ಇದೆ. ನೀನು ಗೋಡೆ ಯಾಕೆ ಸವರ್ತಾ ಇದೀಯ?" ಅಂದ ಮೊಮ್ಮಗ. ನನಗೂ ಸ್ವಲ್ಪ ನಾಚಿಕೆಯಾಯಿತು. ಅಷ್ಟರಲ್ಲಾಗಲೇ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದ್ದರು.

ಈ ಡಾಕಿನಿಂದ ಮುಖ್ಯವಾಗಿ ಹೋಗುತ್ತಿದ್ದದ್ದು ಕಲ್ಲಿದ್ದಲು. ಹತ್ತಿ ಇಳಿಯುತ್ತಿದ್ದದ್ದು ಬೇರೆ ಡಾಕ್‌ಗಳಲ್ಲಿ. ಹತ್ತಿಯ ಮಾತು ಯಾಕೆ ಅಂದರೆ, ನಮ್ಮೂರಿಗೂ ಈ ಊರಿಗೂ ಒಂದು ಹಳೆಯ ಲೆಕ್ಕ ಇದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ, ಇಂಗ್ಲೆಂಡಿನ ಗಿರಣಿಗಳವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು. ಮುಂದೆ ರೈಲು ಮರ್ಮಗೋವಾಕ್ಕೆ ಹೋಯಿತು, ಕಾರವಾರ ಸೊರಗಿತು. ಇಲ್ಲಿಯೂ ಅಷ್ಟೇ. ಹಡಗುಗಳು ದೊಡ್ಡವಾದವು, ಕಲ್ಲಿದ್ದಲು ಮುಗಿಯಿತು, ಡಾಕ್ ಸೊರಗಿತು.

ಸೊರಗಿತು ಅಂದೆ. ಪಾಳು ಅನ್ನಲಿಲ್ಲ. ಕೊನೆಕೊನೆಗೂ ಅಲ್ಲಿ ಸಮುದ್ರದ ಮರಳು ತರುವ ಹಡಗುಗಳು ಬರುತ್ತಿದ್ದವು. ಪಕ್ಕದಲ್ಲೇ ಇಡೀ ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ, ಈಗಲೂ ಇದೆ. (ಗಾಳಿ ಈ ಕಡೆ ತಿರುಗಿದರೆ ಗೊತ್ತಾಗುತ್ತದೆ. ಯಾವ ಬಣ್ಣದ ಫೋಟೋದಲ್ಲೂ ಅದು ಬರುವುದಿಲ್ಲ, ಅಲ್ವಾ?)

ಎವರ್ಟನ್‌ನವರು ಹೊಸ ಜಾಗಕ್ಕೆ ಅಲೆದದ್ದು ಇಪ್ಪತ್ತು ವರ್ಷಕ್ಕೂ ಜಾಸ್ತಿ. ಮೊದಲು ಕಿಂಗ್ಸ್ ಡಾಕ್ ಅಂದರು, ದುಡ್ಡು ಹೊಂದಲಿಲ್ಲ. ಆಮೇಲೆ ಊರ ಹೊರಗೆ ಕರ್ಕ್‌ಬಿ ಅಂದರು, 2009ರಲ್ಲಿ ಸರ್ಕಾರ ಬೇಡ ಎಂದಿತು. ಕೊನೆಗೆ ಇದು. 2019ರಲ್ಲಿ ಊರವರ ಅಭಿಪ್ರಾಯ ಕೇಳಿದಾಗ 40 ಸಾವಿರಕ್ಕೂ ಹೆಚ್ಚು ಜನ ಉತ್ತರ ಕೊಟ್ಟರು. 2021ರ ಫೆಬ್ರವರಿಯಲ್ಲಿ ನಗರಸಭೆ ಒಪ್ಪಿತು, ಮರುತಿಂಗಳು ಸರ್ಕಾರವೂ ಅಡ್ಡ ಬರಲಿಲ್ಲ.

ಆಮೇಲೆ ಡಾಕ್ ತುಂಬಿಸಿದರು. ಮೊದಲು ಒಳಗಿದ್ದ ಮೀನುಗಳನ್ನು ಹಿಡಿದು ಬೇರೆ ನೀರಿಗೆ ಬಿಟ್ಟರು. ನಂತರ ಐರಿಷ್ ಸಮುದ್ರದ ತಳದಿಂದ ಡ್ರೆಜರ್, ಅಂದರೆ ಹೂಳೆತ್ತುವ ಹಡಗು, ಮರಳು ಹೀರಿ ತಂದು ಪೈಪಿನಲ್ಲಿ ಸುರಿಯಿತು. ಸುಮಾರು ನಾಲ್ಕೂವರೆ ಲಕ್ಷ ಘನ ಮೀಟರ್. ಲೋಡುಗಳ ಲೆಕ್ಕ ಬರೆದು ಕೈ ಸೋತವನು ನಾನು. ಆ ಅಂಕಿ ಕೇಳಿ ಒಂದು ನಿಮಿಷ ಸುಮ್ನಾದೆ. ಹಳೆಯ ಡಾಕ್ ಗೋಡೆಗಳನ್ನು ಒಡೆಯಲಿಲ್ಲ, ಮರಳಿನ ಕೆಳಗೆ ಹಾಗೇ ಬಿಟ್ಟರು. ನದಿಯ ಕಡೆ ಒಂದು ಕಾಲುವೆ ಉಳಿಸಿಕೊಂಡರು, ಆಚೀಚೆಯ ಡಾಕ್‌ಗಳ ನೀರಿನ ದಾರಿ ತಪ್ಪಬಾರದು ಅಂತ. 1883ರ ಹೈಡ್ರಾಲಿಕ್ ಗೋಪುರವನ್ನು ರಿಪೇರಿ ಮಾಡಿದರು. ಅದು ಹಿಂದೆ ನೀರಿನ ಒತ್ತಡದಿಂದ ಡಾಕಿನ ಯಂತ್ರಗಳನ್ನು ನಡೆಸುತ್ತಿದ್ದ ಕಟ್ಟಡ. ಅಂಗಳದಲ್ಲಿ ಕಲ್ಲುಹಾಸು, ರೈಲು ಹಳಿ, ಹಗ್ಗ ಕಟ್ಟುವ ಕಬ್ಬಿಣದ ಗೂಟ, ಇವನ್ನೂ ಉಳಿಸಿಕೊಂಡಿದ್ದಾರೆ. ಮಕ್ಕಳು ಆ ಗೂಟಗಳ ಮೇಲೆ ಕೂತು ಚಿಪ್ಸ್ ತಿನ್ನುತ್ತಾರೆ.

ಇಷ್ಟೆಲ್ಲ ಉಳಿಸಿಯೂ ಬೆಲೆ ತೆತ್ತರು. ನಿಮ್ಮ ಬರಹದಲ್ಲಿ ಅದೇ ಬಿಟ್ಟುಹೋಗಿದೆ. ಲಿವರ್‌ಪೂಲ್ ಬಂದರು 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತ್ತು. ಸುತ್ತಲಿನ ಹೊಸ ಕಟ್ಟಡಗಳ ಯೋಜನೆಯಿಂದ 2012ರಲ್ಲೇ ಅಪಾಯದ ಪಟ್ಟಿಗೆ ಹೋಯಿತು. 2021ರ ಜುಲೈಯಲ್ಲಿ ಪಟ್ಟಿಯಿಂದಲೇ ಹೊರಹಾಕಿದರು. ಕೊಟ್ಟ ಕಾರಣಗಳಲ್ಲಿ ಈ ಸ್ಟೇಡಿಯಂ ಕೂಡ ಒಂದು. ಒಮಾನಿನ ಓರಿಕ್ಸ್ ಅಭಯಾರಣ್ಯ, ಜರ್ಮನಿಯ ಡ್ರೆಸ್ಡೆನ್ ಕಣಿವೆ ಬಿಟ್ಟರೆ ಹೀಗೆ ಹೆಸರು ಕಳೆದುಕೊಂಡದ್ದು ಇದೊಂದೇ. ಇಂಗ್ಲೆಂಡಿನದೇ ಪರಂಪರೆ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಕೂಡ ಡಾಕ್ ತುಂಬಿಸಬೇಡಿ ಎಂದಿತ್ತು. ನನ್ನನ್ನು ಕೇಳಿದರೆ, ಯುನೆಸ್ಕೋದವರು ಹೇಳಿದ್ದು ಸುಳ್ಳಲ್ಲ. ನೀರಿದ್ದ ಡಾಕಿಗೂ ಮರಳು ತುಂಬಿದ ಡಾಕಿಗೂ ವ್ಯತ್ಯಾಸ ಇದ್ದೇ ಇದೆ. ಊರವರು ಅದನ್ನು ತಿಳಿದೂ ಒಪ್ಪಿಕೊಂಡರು. ತಿಳಿದು ಒಪ್ಪುವುದು ಬೇರೆ, ಗೊತ್ತೇ ಇಲ್ಲದೆ ಕಳೆದುಕೊಳ್ಳುವುದು ಬೇರೆ.

ಇನ್ನೊಂದು ಬೆಲೆಯೂ ಇದೆ. 2023ರ ಆಗಸ್ಟಿನಲ್ಲಿ ಈ ಸೈಟಿನಲ್ಲಿ 26 ವರ್ಷದ ಕೆಲಸಗಾರನೊಬ್ಬ ತೀರಿಕೊಂಡ. ಅವನೂ ಎವರ್ಟನ್ ಅಭಿಮಾನಿಯೇ. ಸೈಟಿನಲ್ಲಿ ಜೀವನ ಕಳೆದವರಿಗೆ ಯಾವ ಉದ್ಘಾಟನೆಯ ದಿನವೂ ಇಂಥ ಒಂದು ಮುಖ ನೆನಪಾಗದೆ ಇರುವುದಿಲ್ಲ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಮ್ಮ ಕರಾವಳಿಯ ಒಂದು ಸಣ್ಣ ಬಂದರು, ಹೆಸರು ಬೇಡ. ಅಲ್ಲಿ ಚಿರೆಕಲ್ಲಿನ ಒಂದು ಹಳೆಯ ಗೋದಾಮಿತ್ತು. ಹಂಚು ತುಂಬಿದ ಮಚವೆಗಳು (ಹಾಯಿ ಹಡಗುಗಳು) ಬರುತ್ತಿದ್ದ ಕಾಲದ್ದು. ಮಾಡು ಅರ್ಧ ಕುಸಿದಿತ್ತು, ಗೋಡೆ ಗಟ್ಟಿಯಿತ್ತು. ಅದರ ಸ್ಥಿತಿ ಹೇಗಿದೆ, ವರದಿ ಕೊಡು ಎಂದರು ಮೇಲಿನವರು. ಮಧ್ಯಾಹ್ನದ ಬಸ್ಸಿಗೆ ಹೋದೆ. ಒಂದು ನರಪಿಳ್ಳೆ ಇರಲಿಲ್ಲ. ಟೇಪು ಹಿಡಿದು ಅಳತೆ ತೆಗೆದೆ. "ನಿರುಪಯುಕ್ತ" ಅಂತ ಒಂದೇ ಪದ ಬರೆದು ಸಹಿ ಹಾಕಿದೆ. ನಾಲ್ಕು ಗಂಟೆಯ ಬಸ್ಸಿಗೆ ವಾಪಸ್.

ಗೋದಾಮು ಒಡೆಯುವ ದಿನ ಬೆಳಿಗ್ಗೆ ಆರಕ್ಕೇ ಹೋಗಬೇಕಾಯಿತು. ಹದಿನೈದು ಇಪ್ಪತ್ತು ಹೆಂಗಸರು ಅಲ್ಲಿದ್ದರು. ಗೋದಾಮಿನ ನೆಲದ ತುಂಬ ಬಂಗಡೆ ಹರಡಿತ್ತು. ಉಪ್ಪಿನ ಚೀಲಗಳನ್ನು ಮಾಡು ಉಳಿದಿದ್ದ ಮೂಲೆಯಲ್ಲಿ ಇಟ್ಟಿದ್ದರು. ಬಿಸಿಲು ಏರುವ ಮೊದಲೇ ಬಂದು, ಕೆಲಸ ಮುಗಿಸಿ, ಸಂತೆಗೆ ಹೋಗುವವರು. ನಾನು ಅಳತೆಗೆ ಬಂದಿದ್ದ ಹೊತ್ತಿನಲ್ಲಿ ಅವರು ಸಂತೆಯಲ್ಲಿದ್ದರು. ಅವರಲ್ಲಿ ಒಬ್ಬ ಮುದುಕಿ, "ಯಾರೂ ಇಲ್ಲ ಅಂತ ಬರೆದವರು ಯಾರು ತಮ್ಮಾ?" ಅಂತ ನನ್ನನ್ನೇ ಕೇಳಿದಳು. ನಾನೇ ಅಂತ ಹೇಳಲಿಲ್ಲ. ಕಲ್ಲು ಹರಾಜಿಗೆ ಹೋಯಿತು. ಆ ಜಾಗದಲ್ಲಿ ಏನೂ ಬರಲಿಲ್ಲ, ತಂತಿ ಬೇಲಿ ಮಾತ್ರ ಬಂತು.

ಈ ಕಾರಣಕ್ಕೆ ನಿಮ್ಮ ಬರಹದಲ್ಲಿ "ಪಾಳು" ಅನ್ನುವ ಪದ ಕಂಡಾಗ ನನಗೆ ಚುಚ್ಚಿತು.

ಇರಲಿ, ಆಟದ ಮಾತಿಗೆ ಬರುತ್ತೇನೆ. 2025ರ ಆಗಸ್ಟ್ 24, ಭಾನುವಾರ, ಹೊಸ ಸ್ಟೇಡಿಯಂನಲ್ಲಿ ಮೊದಲ ಲೀಗ್ ಪಂದ್ಯ, ಬ್ರೈಟನ್ ಮೇಲೆ. ಗುಡಿಸನ್ ಪಾರ್ಕ್ ಶುರುವಾದದ್ದೂ ಆಗಸ್ಟ್ 24ರಂದೇ, 1892ರಲ್ಲಿ. ಸರಿಯಾಗಿ 133 ವರ್ಷ. 52,769 ಸೀಟು ಇದ್ದರೂ ನನಗೆ ಟಿಕೆಟ್ ಇಲ್ಲ. ಅಳಿಯ ಮತ್ತು ಮೊಮ್ಮಗ ಒಳಗೆ. ನಾನು ಗೋಡೆಯ ಹೊರಗೆ ರಸ್ತೆಯಲ್ಲಿ, ಫ್ಲಾಸ್ಕಿನಲ್ಲಿ ಚಹಾ ಹಿಡಿದು. ನನ್ನ ಹಾಗೆ ಟಿಕೆಟ್ ಇಲ್ಲದೆ ನಿಂತವರು ಬೇಕಾದಷ್ಟು ಇದ್ದರು. ಒಬ್ಬರ ಕಿವಿಯಲ್ಲಿ ರೇಡಿಯೋ. ಮೊದಲ ಗೋಲು ಎವರ್ಟನ್ ಆಟಗಾರ ಎನ್ಡಿಯಾಯೆ ಹೊಡೆದಾಗ ರೇಡಿಯೋ ಹೇಳುವ ಮೊದಲೇ ನಮಗೆ ಗೊತ್ತಾಯಿತು. ಮಳೆಗಾಲದಲ್ಲಿ ದೊಡ್ಡ ತೆರೆ ಬಂಡೆಗೆ ಬಡಿದಾಗ ಒಂದು ಸದ್ದು ಬರುತ್ತದಲ್ಲ, ಅದೇ. ನನ್ನ ಅಂಗೈ ಗೋಡೆಯ ಮೇಲಿತ್ತು. ಕಲ್ಲು ಅಲುಗಲಿಲ್ಲ, ನಾನು ಅಲುಗಿದೆ. ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಮನುಷ್ಯ ನನ್ನನ್ನು ತಬ್ಬಿಕೊಂಡೇಬಿಟ್ಟ, ಚಹಾ ಅರ್ಧ ಚೆಲ್ಲಿತು. ಎವರ್ಟನ್ 2-0ಯಿಂದ ಗೆದ್ದಿತು.

ಆಟ ಬಿಟ್ಟ ಮೇಲೆ ಅಷ್ಟೂ ಜನ ಹೊರಗೆ. ಹತ್ತಿರದ ರೈಲು ನಿಲ್ದಾಣ ಸ್ಯಾಂಡ್‌ಹಿಲ್ಸ್, ಸಣ್ಣದು. ಸಾಲು ನೋಡಿ ಅಳಿಯ, "ಮಾವ, ನಡೆದುಬಿಡೋಣ" ಅಂದರು. ಪಂದ್ಯದ ದಿನ ಸುತ್ತ ಎಲ್ಲೆಂದರಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ, ಬಹಳ ಜನ ನಡೆದೇ ಬರುತ್ತಾರೆ, ನಡೆದೇ ಹೋಗುತ್ತಾರೆ. ನಮ್ಮಲ್ಲಿ ನದಿದಂಡೆ ಯೋಜನೆಯ ಚಿತ್ರ ಬಿಡಿಸುವವರು ದೀಪ, ಕಾರಂಜಿ, ಬೆಂಚು ಹಾಕುತ್ತಾರೆ. ಸಂಜೆ ಸಾವಿರಾರು ಜನ ಒಟ್ಟಿಗೆ ಮನೆಗೆ ಹೋಗುವುದು ಹೇಗೆ ಅಂತ ಚಿತ್ರದಲ್ಲಿ ಬಿಡಿಸುವವರು ಕಡಿಮೆ.

ಕೊನೆಗೆ ಒಂದು ತಿದ್ದುಪಡಿ, ದಯವಿಟ್ಟು ಪ್ರಕಟಿಸಿ. ಗುಡಿಸನ್ ಪಾರ್ಕ್ ನೆಲಸಮ ಆಗಿಲ್ಲ. ಮೇ 18ರಂದು ಪುರುಷರ ತಂಡ ಅಲ್ಲಿ ಕೊನೆಯ ಪಂದ್ಯ ಆಡಿತು. ಬೀದಿ ತುಂಬ ನೀಲಿ ಹೊಗೆ, ದೊಡ್ಡ ದೊಡ್ಡ ಗಂಡಸರು ಮಕ್ಕಳ ಹಾಗೆ ಅಳುತ್ತಿದ್ದರು. ಅದು ಮುಗಿದ ಮೇಲೆ ಬುಲ್ಡೋಜರ್ ಬರುತ್ತದೆ ಅಂತಲೇ ಮೊದಲೆಲ್ಲ ಜನ ಅಂದುಕೊಂಡಿದ್ದರು. ಆದರೆ ಆ ಪಂದ್ಯಕ್ಕೆ ಕೆಲವೇ ದಿನ ಮೊದಲು, ಸ್ಟೇಡಿಯಂ ಅನ್ನು ಎವರ್ಟನ್ ಮಹಿಳಾ ತಂಡಕ್ಕೆ ಕೊಡುವುದೆಂದು ಕ್ಲಬ್ಬು ಪ್ರಕಟಿಸಿತ್ತು. ಈಗ ಅಲ್ಲಿ ಹೆಣ್ಣುಮಕ್ಕಳು ಆಡುತ್ತಾರೆ. ಸ್ಟೇಡಿಯಂನ ಮೂಲೆಗೆ ಅಂಟಿಕೊಂಡೇ ಸೇಂಟ್ ಲ್ಯೂಕ್ ಚರ್ಚ್ ಇದೆ. ಪಂದ್ಯದ ದಿನ ಅದರ ಹಾಲ್‌ನಲ್ಲಿ ಚಹಾ ಸಿಗುತ್ತಿತ್ತು. ಮಗಳು ಮೊಮ್ಮಗನನ್ನು ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದಳು. ಕಂಬ ಅಡ್ಡ ಬಂದು ಒಂದು ಗೋಲು ಕಾಣಲಿಲ್ಲ ಅಂತ ಗೊಣಗಿಕೊಂಡು ಬಂದ. ಹಳೆಯ ಸ್ಟೇಡಿಯಂ ಅಂದ ಮೇಲೆ ಕಂಬ ಇದ್ದೇ ಇರುತ್ತದೆ.

ನಮ್ಮ ಹಳೆಯ ಬಂದರುಗಳ ಬಗ್ಗೆ ಇನ್ನೂ ಬರೆಯುತ್ತೀರಿ ಅಂತ ಓದಿದೆ, ಸಂತೋಷ. ಒಂದೇ ಕೋರಿಕೆ. ನಿಮ್ಮ ವರದಿಗಾರರನ್ನೂ ಫೋಟೋದವರನ್ನೂ ಮಧ್ಯಾಹ್ನದ ಬಸ್ಸಿಗೆ ಕಳಿಸಬೇಡಿ. ಹಿಂದಿನ ರಾತ್ರಿಯೇ ಬಂದು ಉಳಿಯಲು ಹೇಳಿ. ಬೆಳಿಗ್ಗೆ ಐದೂವರೆಗೆ ದಕ್ಕೆಗೆ ಹೋಗಲಿ. ನವೆಂಬರಿನ ಮೇಲಾದರೆ ನಾನೂ ಊರಲ್ಲಿರುತ್ತೇನೆ, ಜೊತೆಗೆ ಬರುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ವರ್ಕ್ ಇನ್‌ಸ್ಪೆಕ್ಟರ್
ಕಾರವಾರ (ಸದ್ಯ ಲಿವರ್‌ಪೂಲ್)